ಗಂಗಾವತಿಯ ರೈಸ್ ಮಿಲ್ಲಿಗೆ ಯಾವ ಮೇಲ್ ಪ್ರೋಗ್ರಾಂ?

ಪ್ರಶ್ನೆ: ಸರ್, ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಿಲ್ಲಿನ ಜೀಮೇಲ್ ಒಂದು, ಮಿಲ್ಲಿನ ವೆಬ್‌ಸೈಟ್ ಹೆಸರಿನ ಮೇಲ್ ಒಂದು, ನನ್ನ ಸ್ವಂತ ಜೀಮೇಲ್ ಒಂದು, ಹೀಗೆ ಮೂರು ನೋಡಬೇಕು. ಮೊದಲು ವಿಂಡೋಸ್ 10ರ ಜೊತೆಗೇ ಬಂದಿದ್ದ ಮೇಲ್ ಆಪ್ ಬಳಸುತ್ತಿದ್ದೆ. ಅದು ನಿಂತುಹೋಯಿತು. ಈಗ ಬ್ರೌಸರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರುವುದೇ ಕೆಲಸ ಆಗಿದೆ. ನೆಟ್ ಹೋದರೆ ಹಳೇ ಬಿಲ್ ಕೂಡ ತೆಗೆಯಲು ಆಗುವುದಿಲ್ಲ. ದುಡ್ಡು ಕೊಟ್ಟು ಏನೂ ತಗೊಳ್ಳೋದು ಬೇಡ ಅಂತ ಸಾಹುಕಾರರು ಹೇಳಿದ್ದಾರೆ. ಬಿಟ್ಟಿ ಸಿಗುವುದರಲ್ಲಿ ಯಾವುದು ಒಳ್ಳೆಯದು? ನನ್ನ ಹಳೇ ಮೇಲ್ ಎಲ್ಲ ಹೋಯಿತಾ?

ಉತ್ತರ: ತಂಗಿ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಭಯ ಇರುವುದು ಅಲ್ಲೇ. ಹಳೇ ಮೇಲ್ ಹೋಗಿಲ್ಲ. ಮೈಕ್ರೋಸಾಫ್ಟ್ ಆ ಮೇಲ್ ಆಪನ್ನು 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಆಮೇಲೆ ಅದರಿಂದ ಮೇಲ್ ಕಳಿಸಲೂ ಆಗುವುದಿಲ್ಲ, ತರಿಸಿಕೊಳ್ಳಲೂ ಆಗುವುದಿಲ್ಲ. ಆದರೆ ಅದು ಬರೀ ಕಿಟಕಿ. ಕಿಟಕಿ ಮುಚ್ಚಿದರೆ ಮನೆಯೊಳಗಿನ ಸಾಮಾನು ಎಲ್ಲೂ ಹೋಗುವುದಿಲ್ಲ. ನಿಮ್ಮ ಜೀಮೇಲ್ ಗೂಗಲ್ಲಿನ ಸರ್ವರಿನಲ್ಲಿದೆ. ಮಿಲ್ಲಿನ ಹೆಸರಿನ ಮೇಲ್ ಆ ವೆಬ್‌ಸೈಟ್ ಇಟ್ಟಿರುವ ಕಂಪನಿಯ ಸರ್ವರಿನಲ್ಲಿದೆ. ಎರಡನ್ನೂ ಒಮ್ಮೆ ಬ್ರೌಸರಿನಲ್ಲಿ ತೆಗೆದು, ಎರಡು ವರ್ಷ ಹಿಂದಿನ ಒಂದು ಬಿಲ್ ಹುಡುಕಿ ನೋಡಿ. ಸಿಕ್ಕರೆ ಎಲ್ಲ ಇದೆ ಅಂತ ಅರ್ಥ. ಅಲ್ಲಿಯವರೆಗೆ ಮಾತ್ರ ಆ ಕಂಪ್ಯೂಟರನ್ನು ಯಾರಿಗೂ ಫಾರ್ಮ್ಯಾಟ್ ಮಾಡಲು ಬಿಡಬೇಡಿ. ಅರ್ಧ ಬರೆದು ಬಿಟ್ಟ ಮೇಲ್, ಕಳಿಸಲು ಆಗದೆ ಉಳಿದ ಮೇಲ್ ಆ ಒಂದೇ ಮಷೀನಿನಲ್ಲಿ ಇರಬಹುದು.

ಯಾವುದು ಹಾಕಿಕೊಳ್ಳಬೇಕು ಅಂತ ಕೇಳಿದಿರಿ. ಥಂಡರ್‌ಬರ್ಡ್ ಹಾಕಿಕೊಳ್ಳಿ. ನಿಮ್ಮ ಕೆಲಸಕ್ಕೆ ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಹೆಸರು ಹೇಳಿ ಸುಮ್ಮನಾದರೆ ಅರ್ಧ ಉತ್ತರ ಆಗುತ್ತದೆ. ಪ್ರೋಗ್ರಾಂ ಯಾವುದು ಅನ್ನುವುದಕ್ಕಿಂತ ಮೇಲ್ ಎಲ್ಲಿ ಇರುತ್ತದೆ, ಅದರ ನಕಲು ಎಲ್ಲಿದೆ ಅನ್ನುವುದು ದೊಡ್ಡ ಮಾತು. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ.

ಹಿಂದೆ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಆಗ ವಿಂಡೋಸ್ ಎಕ್ಸ್‌ಪಿ ಇತ್ತು, ಅದರಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್. ಬಂದ ಮೇಲ್ ಎಲ್ಲ ಕಂಪ್ಯೂಟರಿಗೆ ಇಳಿದು, ಸರ್ವರಿನಿಂದ ಅಳಿದುಹೋಗುವ ಹಾಗೆ ಸೆಟ್ ಮಾಡಿದ್ದರು. ಆ ಪ್ರೋಗ್ರಾಮಿನಲ್ಲಿ ಇನ್‌ಬಾಕ್ಸ್ ಅನ್ನುವುದು ಒಂದೇ ಒಂದು ಫೈಲ್. ಆ ಫೈಲ್ 2 ಜಿಬಿ ದಾಟಬಾರದು. ದಾಟಿದರೆ ಕೆಡುತ್ತದೆ. ನಮ್ಮ ಖರೀದಿದಾರರು ಕಳಿಸುತ್ತಿದ್ದ ಸ್ಕ್ಯಾನ್ ಕಾಗದಗಳಿಂದ ಅದು ತುಂಬುತ್ತಾ ಹೋಯಿತು. ಸೀಸನ್ ನಡುವೆ ಒಂದು ಬೆಳಿಗ್ಗೆ ತೆಗೆದರೆ ಇನ್‌ಬಾಕ್ಸ್ ಖಾಲಿ. ನಾಲ್ಕು ವರ್ಷದ ಪತ್ರ ವ್ಯವಹಾರ. ಸರ್ವರಿನಲ್ಲಿ ಇಲ್ಲ, ಬೇರೆ ಡಿಸ್ಕಿನಲ್ಲಿ ಇಲ್ಲ. ಒಂದು ಪಾರ್ಟಿ ಜೊತೆ ರೇಟಿನ ತಕರಾರು ನಡೆದಿತ್ತು, ಅವರು ಒಪ್ಪಿದ ಮೇಲ್ ತೋರಿಸಲು ನಮ್ಮ ಹತ್ತಿರ ಏನೂ ಉಳಿಯಲಿಲ್ಲ. ಇವತ್ತಿಗೂ ಯಾವ ಆಫೀಸಿಗೆ ಹೋದರೂ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಮೇಲ್ ಎಷ್ಟು ಕಡೆ ಇದೆ?

ಆದ್ದರಿಂದ ಪಾಪ್ ಮತ್ತು ಐಮ್ಯಾಪ್ ಅನ್ನುವ ಎರಡು ಪದ ನಿಮಗೆ ಗೊತ್ತಿರಲೇಬೇಕು. ಥಂಡರ್‌ಬರ್ಡ್ ಹಾಕುವಾಗ ಇವೆರಡರಲ್ಲಿ ಒಂದನ್ನು ಆರಿಸಿ ಅಂತ ಅದು ಕೇಳುತ್ತದೆ. ಪಾಪ್ ಅಂದರೆ ಗೋದಾಮಿನಿಂದ ಚೀಲ ಎತ್ತಿಕೊಂಡು ಮನೆಗೆ ತಂದ ಹಾಗೆ. ಗೋದಾಮಿನಲ್ಲಿ ಒಂದು ನಕಲು ಬಿಡಿ ಅಂತ ಹೇಳಬಹುದು, ಹೇಳದಿದ್ದರೆ ಅಲ್ಲಿ ಖಾಲಿ. ಇನ್ನೊಂದು ಕಂಪ್ಯೂಟರಿನಲ್ಲೋ ಫೋನಿನಲ್ಲೋ ತೆಗೆದರೆ ಏನೂ ಇರುವುದಿಲ್ಲ. ನೀವು ಕಳಿಸಿದ ಮೇಲ್ ಕೂಡ ಈ ಕಂಪ್ಯೂಟರಿನಲ್ಲಿ ಮಾತ್ರ ಉಳಿಯುತ್ತದೆ. ಐಮ್ಯಾಪ್ ಹಾಗಲ್ಲ. ಅಸಲು ಪುಸ್ತಕ ಸರ್ವರಿನಲ್ಲಿ ಇರುತ್ತದೆ, ನಿಮ್ಮ ಕಂಪ್ಯೂಟರಿನಲ್ಲಿ ಅದರ ನಕಲು. ಇಲ್ಲಿ ಓದಿದ್ದು ಅಲ್ಲೂ ಓದಿದ ಹಾಗೆ. ಇಲ್ಲಿ ಒಂದು ಫೋಲ್ಡರ್ ಮಾಡಿದರೆ ಸಾಹುಕಾರರ ಫೋನಿನಲ್ಲೂ ಆ ಫೋಲ್ಡರ್ ಬರುತ್ತದೆ. ಮೂರು ಕಡೆ ಮೇಲ್ ನೋಡುವ ಇವತ್ತಿನ ಕಾಲಕ್ಕೆ ಐಮ್ಯಾಪೇ ಸರಿ. ಕಣ್ಣು ಮುಚ್ಚಿ ಅದನ್ನೇ ಆರಿಸಿ.

ಆದರೆ ಇದರಲ್ಲೇ ಒಂದು ಅಪಾಯವೂ ಇದೆ, ಜಾಸ್ತಿ ಜನಕ್ಕೆ ಇದು ಗೊತ್ತಿಲ್ಲ. ಅಸಲು ಪುಸ್ತಕದಲ್ಲಿ ಗೀಟು ಹೊಡೆದರೆ ನಕಲಿನಲ್ಲೂ ಗೀಟು ಬೀಳುತ್ತದೆ. ಸಾಹುಕಾರರ ಮಗ ಫೋನಿನಲ್ಲಿ ಜಾಗ ಮಾಡಲು ಅಂತ ಮಿಲ್ಲಿನ ಮೇಲ್ ಅಳಿಸಿದರೆ, ನಿಮ್ಮ ಕಂಪ್ಯೂಟರಿನಿಂದಲೂ ಅದು ಹೋಗುತ್ತದೆ. ಅಂದರೆ ಐಮ್ಯಾಪ್ ನಕಲು ಬ್ಯಾಕಪ್ ಅಲ್ಲ. ಬ್ಯಾಕಪ್ ಬೇರೆಯಾಗಿಯೇ ಮಾಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಈಗ ಉಳಿದ ಪ್ರೋಗ್ರಾಂಗಳ ಮಾತು. ಹಳೇ ಮೇಲ್ ಆಪ್ ತೆಗೆದರೆ ವಿಂಡೋಸ್ ತಾನಾಗಿಯೇ ಹೊಸ ಔಟ್‌ಲುಕ್ ಕಡೆ ಕಳಿಸುತ್ತದೆ. ಅದೂ ಬಿಟ್ಟಿಯೇ. ನೋಡಲು ಚೆನ್ನಾಗಿದೆ. ಆದರೆ ಬಿಟ್ಟಿ ಬಳಸುವವರಿಗೆ ಮೇಲ್‌ಗಳ ನಡುವೆ ಜಾಹೀರಾತು ಬರುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಅದರಲ್ಲಿ ಜೀಮೇಲ್ ಸೇರಿಸಲು ಹೋದಾಗ, ನಿಮ್ಮ ಮೇಲ್ ಅನ್ನು ಮೈಕ್ರೋಸಾಫ್ಟ್ ಕ್ಲೌಡಿಗೆ ಸಿಂಕ್ ಮಾಡುತ್ತೇವೆ ಅಂತ ಅದೇ ಒಂದು ಪರದೆ ತೋರಿಸುತ್ತದೆ. ಯಾರೂ ಓದದೆ ಮುಂದುವರಿ ಅಂತ ಒತ್ತುತ್ತಾರೆ. ಅಂದರೆ ನಿಮ್ಮ ಗೂಗಲ್ ಮೇಲಿನ ನಕಲು ಇನ್ನೊಂದು ಕಂಪನಿಯ ಸರ್ವರಿಗೂ ಹೋಗಿ ಕೂರುತ್ತದೆ. ಮಿಲ್ಲಿನ ರೇಟು, ಪಾರ್ಟಿಗಳ ಹೆಸರು, ಬ್ಯಾಂಕ್ ಕಾಗದ ಎಲ್ಲ ಇರುವ ಪೆಟ್ಟಿಗೆಯನ್ನು ಅಗತ್ಯ ಇಲ್ಲದೆ ಮೂರನೆಯವರ ಕೈಗೆ ಯಾಕೆ ಕೊಡಬೇಕು? ನನಗೆ ಇದು ಒಪ್ಪಿಗೆ ಇಲ್ಲ.

ಇಎಂ ಕ್ಲೈಂಟ್ ಅಂತ ಒಂದಿದೆ, ಚೆಕ್ ದೇಶದ ಕಂಪನಿಯದು. ಒಳ್ಳೇ ಪ್ರೋಗ್ರಾಂ, ಅಂದವಾಗಿದೆ. ಆದರೆ ಅದರ ಬಿಟ್ಟಿ ಆವೃತ್ತಿ ಮನೆ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಅಲ್ಲ. ಖಾತೆಗಳಿಗೂ ಮಿತಿ ಇದೆ. ನಿಮ್ಮದು ಮಿಲ್ಲು, ಮೇಲಾಗಿ ಮೂರು ಖಾತೆ. ಹಾಗಾಗಿ ಅದು ನಿಮಗೆ ಆಗುವುದಿಲ್ಲ. ಲಿನಕ್ಸ್ ಇದ್ದವರಿಗೆ ಎವಲ್ಯೂಷನ್ ಕೂಡ ಚೆನ್ನಾಗಿದೆ. ನಿಮ್ಮ ಹತ್ತಿರ ಇರುವುದು ವಿಂಡೋಸ್, ಆ ಮಾತು ಇಲ್ಲಿಗೆ ಬಿಡೋಣ.

ಥಂಡರ್‌ಬರ್ಡ್ ಬಿಟ್ಟಿ ಅಂದರೆ ಯಾರ ದುಡ್ಡಿನಲ್ಲಿ ನಡೆಯುತ್ತದೆ? ಬಿಟ್ಟಿ ಸಿಗುವ ಯಾವುದರ ಬಗ್ಗೆಯೂ ಇದನ್ನು ಕೇಳಿಕೊಳ್ಳಬೇಕು. ಇದರ ಮೊದಲ ಆವೃತ್ತಿ 2004ರ ಡಿಸೆಂಬರಿನಲ್ಲಿ ಬಂತು, ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದವರಿಂದ. 2012ರಲ್ಲಿ ಮೊಜಿಲ್ಲಾ ಇದರ ಮೇಲೆ ಹೊಸದಾಗಿ ಜಾಸ್ತಿ ಕೆಲಸ ಮಾಡುವುದಿಲ್ಲ ಅಂತ ಹೇಳಿತು. ಇನ್ನು ಇದರ ಕಥೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಬಳಸುವವರು ಕೈಬಿಡಲಿಲ್ಲ. 2020ರಿಂದ ಮೊಜಿಲ್ಲಾ ಫೌಂಡೇಶನ್ನಿನ ಕೆಳಗೇ ಒಂದು ಬೇರೆ ಕಂಪನಿ ಇದನ್ನು ನಡೆಸುತ್ತಿದೆ. ಖರ್ಚು ಬಹುಪಾಲು ಬಳಸುವವರ ದೇಣಿಗೆಯಿಂದ ಬರುತ್ತದೆ. ಆಗಾಗ ದೇಣಿಗೆ ಕೊಡಿ ಅಂತ ಒಂದು ಪುಟ ತೆರೆದುಕೊಳ್ಳುತ್ತದೆ. ಕೊಡಲೇಬೇಕು ಅಂತ ಇಲ್ಲ. ಖಾತೆಗೆ ಮಿತಿ ಇಲ್ಲ, ವ್ಯಾಪಾರಕ್ಕೆ ಬಳಸಬಾರದು ಅನ್ನುವ ಕಟ್ಟಳೆ ಇಲ್ಲ, ಜಾಹೀರಾತು ಇಲ್ಲ. ನಿಮ್ಮ ಮೇಲ್ ನಿಮ್ಮ ಕಂಪ್ಯೂಟರಿಗೂ ನಿಮ್ಮ ಸರ್ವರಿಗೂ ನಡುವೆ ಮಾತ್ರ ಓಡಾಡುತ್ತದೆ. ಇನ್ನೊಂದು ಗುಣ ನನಗೆ ತುಂಬಾ ಮುಖ್ಯ. ಅದು ಮೇಲ್ ಇಡುವುದು ಎಂಬಾಕ್ಸ್ ಅನ್ನುವ ಹಳೇ, ಎಲ್ಲರಿಗೂ ಗೊತ್ತಿರುವ ರೂಪದಲ್ಲಿ. ನಾಳೆ ಥಂಡರ್‌ಬರ್ಡ್ ಬೇಡ ಅನ್ನಿಸಿದರೂ ಆ ಫೈಲನ್ನು ಬೇರೆ ಪ್ರೋಗ್ರಾಂ ಓದಬಲ್ಲದು. ಒಂದು ಬೀಗಕ್ಕೆ ಒಂದೇ ಕೀಲಿಕೈ ಅನ್ನುವ ಪಾಡು ಇಲ್ಲ.

ಹಾಕಿಕೊಳ್ಳುವುದು ಕಷ್ಟ ಇಲ್ಲ. ಥಂಡರ್‌ಬರ್ಡ್ ಡಾಟ್ ನೆಟ್ ಅನ್ನುವ ಅವರದೇ ತಾಣದಿಂದ ಇಳಿಸಿಕೊಳ್ಳಿ. ಗೂಗಲ್ಲಿನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ, ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟದ್ದೂ ಬೇಡ. ತೂಕದ ಕಾಟಾದ ಹತ್ತಿರ ಇರುವ ಹಳೇ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇರುವುದು ನಮ್ಮ ಕಡೆಯ ಎಷ್ಟೋ ಮಿಲ್ಲುಗಳಲ್ಲಿ ನೋಡಿದ್ದೇನೆ. ಥಂಡರ್‌ಬರ್ಡ್ 115 ಅನ್ನುವುದೇ ಆ ವಿಂಡೋಸಿಗೆ ಕೊನೆಯ ಆವೃತ್ತಿ. ಅಲ್ಲಿ ತೂಕದ ಚೀಟಿ ಮಾತ್ರ ತೆಗೆಯಿರಿ, ಮೇಲ್ ಹಾಕಬೇಡಿ. ನಿಮ್ಮ ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಥಂಡರ್‌ಬರ್ಡ್ ಅದರಲ್ಲಿ ನಡೆಯುತ್ತದೆ. ಆದರೆ ಮಷೀನು ತಡೆದುಕೊಳ್ಳುವ ಹಾಗಿದ್ದರೆ ವಿಂಡೋಸ್ 11ಕ್ಕೆ ಹೋಗುವ ಮಾತನ್ನು ಸಾಹುಕಾರರ ಕಿವಿಗೆ ಹಾಕಿ.

ಜೀಮೇಲ್ ಸೇರಿಸುವಾಗ ನಿಮ್ಮ ಹೆಸರು, ಮೇಲ್ ವಿಳಾಸ ಕೊಟ್ಟರೆ ಸಾಕು. ಗೂಗಲ್ಲಿನದೇ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಅಲ್ಲಿ ಹಾಕಿ, ಅನುಮತಿ ಕೊಡಿ. 2022ರ ಮೇ 30ರಿಂದ ಗೂಗಲ್ ಬರೀ ಪಾಸ್‌ವರ್ಡ್ ಹಾಕಿ ಒಳಗೆ ಬರುವ ಹಳೇ ದಾರಿಯನ್ನು ಸಾಮಾನ್ಯ ಖಾತೆಗಳಿಗೆ ಮುಚ್ಚಿತು. ಹಳೇ ಪ್ರೋಗ್ರಾಮಿನಲ್ಲಿ ಎಷ್ಟು ಸಲ ಸರಿ ಪಾಸ್‌ವರ್ಡ್ ಹಾಕಿದರೂ ತಪ್ಪು ಅನ್ನುವುದಕ್ಕೆ ಇದೇ ಕಾರಣ. ಮಿಲ್ಲಿನ ಹೆಸರಿನ ಮೇಲಿಗೆ ಸ್ವಲ್ಪ ಜಾಸ್ತಿ ಕೆಲಸ ಇರಬಹುದು. ಥಂಡರ್‌ಬರ್ಡ್ ತಾನೇ ಸರ್ವರ್ ಹೆಸರು ಹುಡುಕುತ್ತದೆ. ಸಿಗದಿದ್ದರೆ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಐಮ್ಯಾಪ್ ಸರ್ವರಿನ ಹೆಸರು, ಎಸ್‌ಎಂಟಿಪಿ (ಅಂದರೆ ಮೇಲ್ ಕಳಿಸುವ) ಸರ್ವರಿನ ಹೆಸರು, ಎರಡಕ್ಕೂ ಯಾವ ಪೋರ್ಟ್ ನಂಬರ್. ಐಮ್ಯಾಪಿಗೆ ಸಾಮಾನ್ಯವಾಗಿ 993, ಕಳಿಸುವುದಕ್ಕೆ 465 ಅಥವಾ 587. ಬೇರೆ ಅಂಕಿ ಹೇಳಿ, ಭದ್ರತೆ ಬೇಡ ಅಂತ ಆರಿಸಿ ಅಂದರೆ ಒಪ್ಪಬೇಡಿ.

ಮೊದಲ ವಾರ ತಾಳ್ಮೆ ಬೇಕು. ಐಮ್ಯಾಪ್ ಮೂಲಕ ದಿನಕ್ಕೆ ಸುಮಾರು 2500 ಎಂಬಿ ಮಾತ್ರ ಇಳಿಸಿಕೊಳ್ಳಲು ಗೂಗಲ್ ಬಿಡುತ್ತದೆ. ಮಿಲ್ಲಿನ ಜೀಮೇಲಿನಲ್ಲಿ 12 ಜಿಬಿ ತುಂಬಿದ್ದರೆ ಎಲ್ಲ ಇಳಿಯಲು ಐದು ದಿನ ಹಿಡಿಯುತ್ತದೆ. ಮಿತಿ ದಾಟಿದರೆ ಖಾತೆಯನ್ನು ಸ್ವಲ್ಪ ಹೊತ್ತು ತಡೆದು ಹಿಡಿಯುತ್ತದೆ. ಕೆಟ್ಟುಹೋಯಿತು ಅಂತ ತೆಗೆದು ಮತ್ತೆ ಹಾಕಲು ಹೋಗಬೇಡಿ, ಮತ್ತೆ ಮೊದಲಿಂದ ಶುರುವಾಗುತ್ತದೆ. ಆ ದಿನಗಳಲ್ಲಿ ಕಂಪ್ಯೂಟರ್ ನಿಧಾನ ಅನ್ನಿಸುತ್ತದೆ, ಯಾಕೆಂದರೆ ಬಂದ ಒಂದೊಂದು ಮೇಲನ್ನೂ ಅದು ಹುಡುಕಾಟಕ್ಕೆ ಅಂತ ಪಟ್ಟಿ ಮಾಡುತ್ತಿರುತ್ತದೆ. ಭತ್ತ ಬರುವ ಸೀಸನ್ನಿನಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಗೇಟಿನ ಮುಂದೆ ಲಾರಿ ಸಾಲು ಇಲ್ಲದ ತಿಂಗಳಲ್ಲಿ ಮಾಡಿ. ಇನ್ನೊಂದು ಮಾತು, ಜೀಮೇಲಿನಲ್ಲಿ ಆಲ್ ಮೇಲ್ ಅನ್ನುವ ಫೋಲ್ಡರ್ ಕಾಣುತ್ತದೆ. ಇನ್‌ಬಾಕ್ಸಿನಲ್ಲಿ ಇರುವುದೇ ಅಲ್ಲೂ ಕಾಣುತ್ತದೆ. ಎರಡೆರಡು ಬಂದಿವೆ ಅಂತ ಅಲ್ಲಿಂದ ಅಳಿಸಿದರೆ ಅಸಲೇ ಹೋಗುತ್ತದೆ. ಆ ಫೋಲ್ಡರನ್ನು ಮುಟ್ಟಬೇಡಿ.

ನೆಟ್ ಹೋದಾಗ ಹಳೇ ಬಿಲ್ ಸಿಗಬೇಕು ಅಂದಿರಲ್ವಾ, ಅದು ಇದರಲ್ಲಿ ತಾನಾಗಿಯೇ ಆಗುತ್ತದೆ. ಅಕೌಂಟ್ ಸೆಟ್ಟಿಂಗ್ಸ್ ಒಳಗೆ ಸಿಂಕ್ರನೈಸೇಶನ್ ಅಂಡ್ ಸ್ಟೋರೇಜ್ ಅನ್ನುವಲ್ಲಿ ಮೇಲ್ ಎಲ್ಲ ಈ ಕಂಪ್ಯೂಟರಿನಲ್ಲಿ ಇಡು ಅನ್ನುವುದಕ್ಕೆ ಟಿಕ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಟಿಕ್ ಇದ್ದರೆ ಇಳಿದ ಮೇಲ್, ಅದರ ಜೊತೆಗಿನ ಬಿಲ್, ಲಾರಿ ರಸೀದಿ ಎಲ್ಲ ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತವೆ. ನೆಟ್ ಇಲ್ಲದಾಗ ಬರೆದ ಮೇಲನ್ನು ಈಗ ಕಳಿಸು ಅನ್ನುವ ಬದಲು ಸೆಂಡ್ ಲೇಟರ್ ಒತ್ತಿ. ಅದು ಔಟ್‌ಬಾಕ್ಸಿನಲ್ಲಿ ಕೂತಿರುತ್ತದೆ. ನೆಟ್ ಬಂದ ಮೇಲೆ ಕಳಿಸಿದರೆ ಆಯಿತು. ಸಂಜೆ ಮನೆಗೆ ಹೋಗುವ ಮೊದಲು ಔಟ್‌ಬಾಕ್ಸ್ ಖಾಲಿ ಇದೆಯಾ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೂರು ಖಾತೆ ಒಂದೇ ಕಡೆ ಬಂದಾಗ ಆಗುವ ದೊಡ್ಡ ತಪ್ಪು ಅಂದರೆ ಮಿಲ್ಲಿನ ಮೇಲ್ ಸ್ವಂತ ವಿಳಾಸದಿಂದ ಹೋಗುವುದು. ಬರೆಯುವ ಕಿಟಕಿಯ ಮೇಲುಗಡೆ ಫ್ರಂ ಅಂತ ಇರುತ್ತದೆ, ಅದನ್ನು ನೋಡದೆ ಕಳಿಸಬೇಡಿ. ಒಂದೊಂದು ಖಾತೆಗೆ ಒಂದೊಂದು ಸಹಿ ಇಡಬಹುದು. ಮಿಲ್ಲಿನದ್ದಕ್ಕೆ ಮಿಲ್ಲಿನ ಹೆಸರು, ಜಿಎಸ್‌ಟಿ ನಂಬರ್ ಇರುವ ಸಹಿ ಹಾಕಿ. ಸಹಿ ಕಾಣದಿದ್ದರೆ ವಿಳಾಸ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ. ನಿಜ ಹೇಳಬೇಕು ಅಂದರೆ, ನಿಮ್ಮ ಸ್ವಂತ ಜೀಮೇಲನ್ನು ಆಫೀಸಿನ ಕಂಪ್ಯೂಟರಿಗೆ ಸೇರಿಸದೇ ಇರುವುದೇ ಒಳ್ಳೆಯದು. ನೀವು ರಜೆ ಹಾಕಿದ ದಿನ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ಸೇರಿಸಲೇಬೇಕು ಅಂದರೆ ಪ್ರೈಮರಿ ಪಾಸ್‌ವರ್ಡ್ ಅನ್ನುವುದನ್ನು ಹಾಕಿ. ಅದಿಲ್ಲದಿದ್ದರೆ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿಗೆ ಕೂತವರು ಸೆಟ್ಟಿಂಗ್ಸಿನಲ್ಲಿ ತೆಗೆದು ನೋಡಬಹುದು. ಅದು ಹಾಕಿದರೂ ಇಳಿದ ಮೇಲ್ ಓದುವುದನ್ನು ತಡೆಯುವುದಿಲ್ಲ. ಅದಕ್ಕೆ ವಿಂಡೋಸಿನಲ್ಲೇ ನಿಮಗೆ ಬೇರೆ ಲಾಗಿನ್ ಇರಬೇಕು.

ಈಗ ಬ್ಯಾಕಪ್ ಮಾತು. ಲೆಕ್ಕ ಬರೆಯುವವರಿಗೆ ಇದು ಕಾನೂನಿನ ವಿಷಯವೂ ಹೌದು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕ, ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಇಡಬೇಕು. 2023-24ರ ವಾರ್ಷಿಕ ರಿಟರ್ನಿಗೆ ಕೊನೇ ದಿನ 2024ರ ಡಿಸೆಂಬರ್ 31. ಅಂದರೆ ಆ ವರ್ಷದ ಬಿಲ್ಲುಗಳು 2030ರ ಡಿಸೆಂಬರ್ ತನಕ ನಿಮ್ಮ ಹತ್ತಿರ ಇರಬೇಕು. ಬಿಲ್ ಬಂದದ್ದು ಮೇಲಿನಲ್ಲಿ ಮಾತ್ರ ಆಗಿದ್ದರೆ ಆ ಮೇಲೇ ದಾಖಲೆ. ಜೀಮೇಲಿನ ಬಿಟ್ಟಿ ಜಾಗ 15 ಜಿಬಿ, ಅದರಲ್ಲೇ ಡ್ರೈವ್, ಫೋಟೋ ಎಲ್ಲ. ಅದು ತುಂಬಿ, ಯಾರೋ ಹಳೇದನ್ನು ಅಳಿಸಲು ಕೂತ ದಿನ ನಿಮ್ಮ ಹತ್ತಿರ ಬೇರೆ ನಕಲು ಇರಬೇಕು.

ಹೀಗೆ ಮಾಡಿ. ಥಂಡರ್‌ಬರ್ಡಿನ ಎಡಗಡೆ ಕೊನೆಯಲ್ಲಿ ಲೋಕಲ್ ಫೋಲ್ಡರ್ಸ್ ಅಂತ ಇರುತ್ತದೆ. ಅದರೊಳಗೆ ಇಟ್ಟದ್ದು ಈ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ಸರ್ವರಿನಲ್ಲಿ ಅಳಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಅಲ್ಲಿ 2023-24, 2024-25 ಅಂತ ವರ್ಷಕ್ಕೆ ಒಂದು ಫೋಲ್ಡರ್ ಮಾಡಿ. ಥಂಡರ್‌ಬರ್ಡಿನಲ್ಲಿ ಆರ್ಕೈವ್ ಅಂತ ಒಂದು ಬಟನ್ ಇದೆ. ಅದು ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ಹಂಚುತ್ತದೆ, ನಮಗೆ ಬೇಕಾದದ್ದು ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಸರ್ಚ್ ಮೆಸೇಜಸ್ ತೆಗೆದು ಎರಡು ದಿನಾಂಕ ಕೊಡಿ, 2024ರ ಮಾರ್ಚ್ 31ರ ನಂತರದ್ದು, 2025ರ ಏಪ್ರಿಲ್ 1ರ ಮೊದಲಿನದ್ದು. ಬಂದದ್ದನ್ನೆಲ್ಲ ಆರಿಸಿ ಆ ವರ್ಷದ ಫೋಲ್ಡರಿಗೆ ಕಾಪಿ ಮಾಡಿ. ಕಾಪಿ ಮಾತ್ರ, ಮೂವ್ ಅಲ್ಲ. ಮೂವ್ ಮಾಡಿದರೆ ಮತ್ತೆ ಒಂದೇ ಕಡೆ ಉಳಿಯುತ್ತದೆ. ಕಳಿಸಿದ ಮೇಲಿನ ಫೋಲ್ಡರಿಗೂ ಇದನ್ನೇ ಮಾಡಿ, ಎಷ್ಟೋ ಜನ ಅದನ್ನು ಮರೆಯುತ್ತಾರೆ. ಒಪ್ಪಂದದ ಅರ್ಧ ಮಾತು ಇರುವುದೇ ಅದರಲ್ಲಿ, ಅಲ್ವಾ?

ಆಮೇಲೆ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಬೇಕು. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ತೆಗೆದರೆ ಪ್ರೊಫೈಲ್ ಫೋಲ್ಡರ್ ಅಂತ ಒಂದು ಸಾಲು, ಅದರ ಪಕ್ಕ ಓಪನ್ ಫೋಲ್ಡರ್ ಬಟನ್ ಇರುತ್ತದೆ. ನಿಮ್ಮ ಮೇಲ್, ವಿಳಾಸ, ಸೆಟ್ಟಿಂಗ್ ಎಲ್ಲ ಆ ಒಂದು ಫೋಲ್ಡರಿನಲ್ಲಿದೆ. ಥಂಡರ್‌ಬರ್ಡ್ ಮುಚ್ಚಿ, ಆ ಇಡೀ ಫೋಲ್ಡರನ್ನು ಡಿಸ್ಕಿಗೆ ನಕಲು ಮಾಡಿ. ತೆರೆದಿರುವಾಗ ಮಾಡಿದ ನಕಲು ಅರ್ಧಂಬರ್ಧ ಆಗಬಹುದು. ಪ್ರೋಗ್ರಾಮಿನ ಒಳಗೇ ಎಕ್ಸ್‌ಪೋರ್ಟ್ ಅಂತ ಒಂದು ದಾರಿ ಇದೆ, ಆದರೆ ಅದು 2 ಜಿಬಿ ಒಳಗಿನ ಪ್ರೊಫೈಲಿಗೆ ಮಾತ್ರ. ಮಿಲ್ಲಿನ ಮೇಲ್ ಅಷ್ಟರಲ್ಲಿ ನಿಲ್ಲುವುದಿಲ್ಲ. ಪೆನ್‌ಡ್ರೈವ್ ಬಳಸಿದರೆ ಅದು ಫ್ಯಾಟ್ 32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ. ತಿಂಗಳಿಗೆ ಒಂದು ಸಲ, ಜಿಎಸ್‌ಟಿ ರಿಟರ್ನ್ ಹಾಕಿದ ದಿನವೇ ಇದನ್ನೂ ಮಾಡಿ. ದಿನ ನೆನಪಿಡುವ ತಾಪತ್ರಯ ಇರುವುದಿಲ್ಲ. ಆ ಡಿಸ್ಕ್ ಮಿಲ್ಲಿನಲ್ಲಿ ಬೇಡ, ಸಾಹುಕಾರರ ಮನೆಯ ಕಪಾಟಿನಲ್ಲಿ ಇರಲಿ. ಮಿಲ್ಲಿನ ಧೂಳು, ಬೇಸಿಗೆಯ ಬಿಸಿ ಎರಡೂ ಡಿಸ್ಕಿಗೆ ಆಗಿಬರುವುದಿಲ್ಲ.

ಕರೆಂಟಿನ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಮೇಲ್ ಇಳಿಯುತ್ತಿರುವಾಗ ಕರೆಂಟ್ ಹೋದರೆ ಫೋಲ್ಡರಿನ ಪಟ್ಟಿ ಕೆಡಬಹುದು. ಮೇಲ್ ಇದ್ದರೂ ಕಾಣುವುದಿಲ್ಲ, ಇಲ್ಲವೇ ಒಂದನ್ನು ಒತ್ತಿದರೆ ಇನ್ನೊಂದು ತೆರೆಯುತ್ತದೆ. ಆ ಫೋಲ್ಡರಿನ ಮೇಲೆ ಬಲ ಬಟನ್ ಒತ್ತಿ, ಪ್ರಾಪರ್ಟೀಸ್ ಒಳಗೆ ರಿಪೇರ್ ಫೋಲ್ಡರ್ ಕೊಡಿ. ಪಟ್ಟಿ ಹೊಸದಾಗಿ ಆಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ಇಷ್ಟರಲ್ಲೇ ಸರಿಹೋಗಿದ್ದನ್ನು ನೋಡಿದ್ದೇನೆ. ಆಗಾಗ ಕಾಂಪ್ಯಾಕ್ಟ್ ಮಾಡಿ ಅಂತ ಅದು ಕೇಳಿದರೆ ಹೂಂ ಅನ್ನಿ. ಅಳಿಸಿದ ಮೇಲ್ ಅಲ್ಲಿಯವರೆಗೂ ಫೈಲಿನೊಳಗೆ ಜಾಗ ಹಿಡಿದು ಕೂತಿರುತ್ತದೆ.

ಆಂಟಿವೈರಸ್ ಬಗ್ಗೆ ಒಂದು ಎಚ್ಚರಿಕೆ. ಥಂಡರ್‌ಬರ್ಡಿನಲ್ಲೂ ಒಂದು ಫೋಲ್ಡರಿನ ಮೇಲ್ ಎಲ್ಲ ಒಂದೇ ಫೈಲಿನಲ್ಲಿ ಇರುತ್ತದೆ. ಯಾವುದೋ ಒಂದು ಮೇಲಿನಲ್ಲಿ ವೈರಸ್ ಸಿಕ್ಕರೆ ಕೆಲವು ಆಂಟಿವೈರಸ್ ಆ ಇಡೀ ಫೈಲನ್ನೇ ಎತ್ತಿ ಬೇರೆ ಕಡೆ ಹಾಕುತ್ತವೆ. ಇನ್‌ಬಾಕ್ಸ್ ಇದ್ದಕ್ಕಿದ್ದಂತೆ ಖಾಲಿ. ಥಂಡರ್‌ಬರ್ಡಿನ ಸೆಟ್ಟಿಂಗ್ಸಿನಲ್ಲಿ, ಒಂದೊಂದು ಮೇಲನ್ನು ಬೇರೆ ಬೇರೆಯಾಗಿ ಹಿಡಿಯಲು ಆಂಟಿವೈರಸಿಗೆ ಬಿಡು ಅನ್ನುವ ಒಂದು ಟಿಕ್ ಇದೆ. ಅದನ್ನು ಹಾಕಿಬಿಡಿ.

ಮೋಸದ ಮೇಲ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮಿಲ್ಲುಗಳಿಗೆ ಬರುವ ಅತಿ ಅಪಾಯದ ಮೇಲ್ ಲಾಟರಿಯದಲ್ಲ. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಪೇಮೆಂಟ್ ಹೊಸ ಖಾತೆಗೆ ಹಾಕಿ ಅಂತ ನಿಮ್ಮ ಹಳೇ ಪಾರ್ಟಿಯ ಹೆಸರಿನಲ್ಲೇ ಬರುವುದು. ಹೆಸರು ಅದೇ ಇರುತ್ತದೆ, ವಿಳಾಸದಲ್ಲಿ ಒಂದು ಅಕ್ಷರ ಬೇರೆ. ವಿಳಾಸ ಪುಸ್ತಕದಲ್ಲಿ ಇರುವವರದ್ದು ಹೆಸರು ಮಾತ್ರ ತೋರಿಸು ಅನ್ನುವ ಒಂದು ಟಿಕ್ ಥಂಡರ್‌ಬರ್ಡಿನ ಸೆಟ್ಟಿಂಗ್ಸಿನಲ್ಲಿ ಇರುತ್ತದೆ. ಅದನ್ನು ತೆಗೆದುಬಿಡಿ, ಆಗ ಹೆಸರಿನ ಜೊತೆ ಪೂರ್ತಿ ವಿಳಾಸ ಕಣ್ಣಿಗೆ ಬೀಳುತ್ತದೆ. ಆದರೂ ವಿಳಾಸ ಸರಿ ಇದ್ದ ಮಾತ್ರಕ್ಕೆ ನಂಬಬೇಡಿ, ಅವರ ಮೇಲೇ ಬೇರೆಯವರ ಕೈಗೆ ಸಿಕ್ಕಿರಬಹುದು. ಖಾತೆ ನಂಬರ್ ಬದಲಾದ ಮಾತು ಬಂದರೆ ನಿಮ್ಮ ಹತ್ತಿರ ಮೊದಲಿಂದ ಇರುವ ಫೋನ್ ನಂಬರಿಗೆ ಕರೆ ಮಾಡಿ, ದನಿ ಕೇಳಿ, ಆಮೇಲೆ ದುಡ್ಡು ಹಾಕಿ. ಮೇಲಿನಲ್ಲಿ ಕೊಟ್ಟ ನಂಬರಿಗೆ ಅಲ್ಲ. ಜಿಎಸ್‌ಟಿ ನೋಟಿಸ್ ಅಂತ ಬಂದದ್ದರ ಲಿಂಕ್ ಒತ್ತಬೇಡಿ, ಪೋರ್ಟಲಿಗೆ ನೀವೇ ಹೋಗಿ ಲಾಗಿನ್ ಆಗಿ ನೋಡಿ. ಥಂಡರ್‌ಬರ್ಡ್ ಮೇಲಿನೊಳಗಿನ ಹೊರಗಿನ ಚಿತ್ರಗಳನ್ನು ತಾನಾಗಿ ತೆರೆಯುವುದಿಲ್ಲ. ಕೆಲವು ಮೇಲ್ ಬೋಳಾಗಿ ಕಾಣುತ್ತವೆ. ಅದನ್ನು ಹಾಗೇ ಬಿಡಿ. ನೀವು ಮೇಲ್ ತೆರೆದಿರಿ ಅಂತ ಕಳಿಸಿದವರಿಗೆ ತಿಳಿಯುವುದು ಆ ಚಿತ್ರಗಳಿಂದಲೇ.

ಕನ್ನಡದ ಒಂದು ತೊಂದರೆ ನಿಮಗೂ ಬಂದಿರಬಹುದು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೇಲಿಗೆ ಅಂಟಿಸಿ ಕಳಿಸಿದರೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಅದು ಯಾವ ಮೇಲ್ ಪ್ರೋಗ್ರಾಮಿನ ತಪ್ಪೂ ಅಲ್ಲ, ಬರೆದದ್ದೇ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿಯಲ್ಲಿ, ಇಲ್ಲ. ನುಡಿಯಲ್ಲೇ ಯೂನಿಕೋಡ್ ಆರಿಸಿ ಟೈಪ್ ಮಾಡಿ, ಹಳೇ ಕಡತ ಆದರೆ ಪಿಡಿಎಫ್ ಮಾಡಿ ಜೊತೆಗೆ ಹಾಕಿ.

ಥಂಡರ್‌ಬರ್ಡಿನಲ್ಲಿ ನಿಮಗೆ ಇಷ್ಟ ಆಗದ್ದೂ ಇರುತ್ತದೆ. 2023ರ ಜುಲೈಯಲ್ಲಿ 115ನೇ ಆವೃತ್ತಿಯಲ್ಲಿ ಇಡೀ ರೂಪ ಬದಲಾಯಿತು, ಹಳಬರಿಗೆ ಬಟನ್ ಹುಡುಕುವುದೇ ಕೆಲಸ ಆಯಿತು. ಇಡೀ ಮೇಲಿನಲ್ಲಿ ಹುಡುಕುವುದು ಜೀಮೇಲಿನಷ್ಟು ಚುರುಕಾಗಿಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ, ಫೋಲ್ಡರಿನ ಮೇಲಿನ ಕ್ವಿಕ್ ಫಿಲ್ಟರ್. ಪಾರ್ಟಿಯ ಹೆಸರು ಅರ್ಧ ಹೊಡೆದು, ಅಟ್ಯಾಚ್‌ಮೆಂಟ್ ಬಟನ್ ಒತ್ತಿದರೆ ಬಿಲ್ ಇರುವ ಮೇಲ್ ಮಾತ್ರ ಉಳಿಯುತ್ತವೆ. ಮೆಸೇಜ್ ಫಿಲ್ಟರ್ ಹಾಕಿದರೆ ಬ್ಯಾಂಕಿನ ಮೇಲ್, ಸಾರಿಗೆಯವರ ಮೇಲ್ ಬಂದ ಕೂಡಲೇ ಅದರದರ ಫೋಲ್ಡರಿಗೆ ಹೋಗುತ್ತವೆ. ಮೊದಲು ಎರಡು ಫಿಲ್ಟರ್ ಸಾಕು. ಒಮ್ಮೆಲೇ ಇಪ್ಪತ್ತು ಮಾಡಿದರೆ ಮೇಲ್ ಎಲ್ಲಿ ಹೋಯಿತು ಅಂತ ನೀವೇ ಹುಡುಕಬೇಕಾಗುತ್ತದೆ.

ಮೊದಲ ದಿನ ಮಿಲ್ಲಿನ ಜೀಮೇಲ್ ಒಂದನ್ನೇ ಸೇರಿಸಿ. ಅದು ಪೂರ್ತಿ ಇಳಿಯುವ ತನಕ ಬ್ರೌಸರಿನಲ್ಲೂ ನೋಡುತ್ತಿರಿ. ಆಮೇಲೆ ಮಿಲ್ಲಿನ ಹೆಸರಿನದ್ದು. ಎರಡೂ ಬಂದು, ಮೊದಲ ಬ್ಯಾಕಪ್ ಆದ ಮೇಲೆ ಆ ಡಿಸ್ಕನ್ನು ಮನೆಯ ಲ್ಯಾಪ್‌ಟಾಪಿಗೆ ಚುಚ್ಚಿ. ಅಲ್ಲೂ ಥಂಡರ್‌ಬರ್ಡ್ ಹಾಕಿ, ನಕಲು ಮಾಡಿದ ಪ್ರೊಫೈಲ್ ತೆರೆಯಿರಿ. ನೆಟ್ ಬಂದ್ ಮಾಡಿ. 2023ರ ಯಾವುದಾದರೂ ಒಂದು ಲೋಡಿನ ಬಿಲ್ ಹುಡುಕಿ ತೆಗೆಯಿರಿ. ಅದು ತೆರೆದುಕೊಂಡ ಮೇಲೆ ವಿಂಡೋಸಿನ ಹಳೇ ಮೇಲ್ ಆಪನ್ನು ತೆಗೆದುಹಾಕಬಹುದು.